ಅವಳಿ ವೀರರಿಗಿಂತ ಮೊದಲಿನ ಕತೆ

ಪ್ರೀಕ್ವೆಲ್ ಅಂದರೆ ಏನು ಅಂತ ಮಂಗಳೂರಿನಲ್ಲಿ ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ‘ಕಾಂತಾರ’ ನೋಡಿ ಬಂದವರೇ 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ ಅಧ್ಯಾಯ 1’ಕ್ಕೆ ಟಿಕೆಟ್ ಬುಕ್ ಮಾಡಿ ಕಾದು ಕುಳಿತರು. ಮೊದಲು ಬಂದ ಸಿನಿಮಾ ಕತೆಯಲ್ಲಿ ಆಮೇಲಿನದು, ಆಮೇಲೆ ಬಂದದ್ದು ಕತೆಯಲ್ಲಿ ಮೊದಲಿನದು. ಇಷ್ಟೇ ಸಂಗತಿ.

ಆದರೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗ ಹಿಂದೆ ಏನಾಗಿತ್ತು ಅಂತ ಯಾಕೆ ಓದಬೇಕು? ನಮ್ಮ ಓದುವ ಗುಂಪಿನಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಅಮೆರಿಕನ್ ಫ್ಯಾಂಟಸಿ ಕಾದಂಬರಿಯಿಂದ. ಮುಗಿದದ್ದು ಪುತ್ತೂರು ತಾಲೂಕಿನ ಪಡುಮಲೆಯಲ್ಲಿ. ನಡುವೆ ಆದ ಮಾತುಕತೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನೀವೂ ಒಂದು ಕಡೆ ಸೇರಿಕೊಳ್ಳಬಹುದು.

ಮೊದಲು ಆ ಕಾದಂಬರಿ

ನಮ್ಮದು ಆರು ಜನರ ಸಣ್ಣ ಗುಂಪು. ತಿಂಗಳಿಗೊಂದು ಪುಸ್ತಕ. ಕದ್ರಿ ಪಾರ್ಕಿನಲ್ಲಿ ಒಂದು ಶನಿವಾರ ಸಂಜೆ ಸೇರುವುದು, ಮಳೆ ಬಂದರೆ ಯಾರದಾದರೂ ಮನೆ. ಈ ಸಲದ ಪುಸ್ತಕ ‘ದಿ ಸೋಲ್‌ಫೋರ್ಜ್’. ಮಾರ್ಗರೆಟ್ ವೈಸ್ ಬರೆದದ್ದು, 1998ರಲ್ಲಿ ಬಂದದ್ದು.

ಹಿನ್ನೆಲೆ ಸ್ವಲ್ಪ ಹೇಳ್ತೇನೆ. ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಫ್ಯಾಂಟಸಿ ಸರಣಿ 1984ರಲ್ಲಿ ಶುರುವಾಯಿತು. ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಸೇರಿ ಬರೆದ ಆ ಮೊದಲ ಪುಸ್ತಕಗಳಲ್ಲಿ ಇಬ್ಬರು ಅವಳಿ ಅಣ್ಣತಮ್ಮಂದಿರು ಇದ್ದಾರೆ. ಕ್ಯಾರಮನ್ ಗಟ್ಟಿಮುಟ್ಟು ಆಳು, ಕತ್ತಿ ಹಿಡಿಯುವವ, ಮನಸ್ಸು ಬೆಣ್ಣೆ. ರೈಸ್ಟ್ಲಿನ್ ಕಾಯಿಲೆಯ ದೇಹದ ಮಾಂತ್ರಿಕ. ಬಂಗಾರದ ಬಣ್ಣದ ಚರ್ಮ, ಮರಳು ಗಡಿಯಾರದ ಆಕಾರದ ಕಣ್ಣಾಲಿ, ಬುದ್ಧಿ ಹರಿತ, ನಾಲಿಗೆ ಇನ್ನೂ ಹರಿತ. ಓದುಗರಿಗೆ ಇಬ್ಬರಲ್ಲಿ ಹೆಚ್ಚು ಹಿಡಿಸಿದ್ದು ಈ ಎರಡನೆಯವನು. ಅವನು ಹೀಗಾದದ್ದು ಹೇಗೆ ಎಂಬ ಕುತೂಹಲಕ್ಕೆ ಹದಿನಾಲ್ಕು ವರ್ಷಗಳ ನಂತರ ಬಂದ ಉತ್ತರ ‘ಸೋಲ್‌ಫೋರ್ಜ್’. ಆರು ವರ್ಷದ ಹುಡುಗ ಮಂತ್ರದ ಶಾಲೆಗೆ ಸೇರುವಲ್ಲಿಂದ ಹಿಡಿದು ಮಾಂತ್ರಿಕರ ಗೋಪುರದ ಭಯಂಕರ ಪರೀಕ್ಷೆಯವರೆಗೆ ಕತೆ ಹೋಗುತ್ತದೆ.

ಗುಂಪಿನ ಅಭಿಪ್ರಾಯ: ಎರಡಲ್ಲ, ನಾಲ್ಕು

ಬಿಜೈ ಕಡೆಯ ನಮ್ಮ ಬ್ಯಾಂಕ್ ಗೆಳೆಯ ಮೊದಲೇ ಕೈ ಎತ್ತಿದ. “ನಂಗೆ ಅರ್ಧಕ್ಕೇ ಬೋರ್ ಆಯ್ತು ಮಾರಾಯ್ರೆ. ರೈಸ್ಟ್ಲಿನ್ ಸಾಯುದಿಲ್ಲ, ಪರೀಕ್ಷೆ ಪಾಸಾಗ್ತಾನೆ, ಚರ್ಮ ಬಂಗಾರ ಆಗ್ತದೆ. ಎಲ್ಲಾ ಗೊತ್ತುಂಟು. ಬಸ್ಸಿನ ಬೋರ್ಡಲ್ಲಿ ಸ್ಟೇಟ್ ಬ್ಯಾಂಕ್ ಅಂತ ಬರೆದ ಮೇಲೆ ಅದು ಸ್ಟೇಟ್ ಬ್ಯಾಂಕಿಗೇ ಹೋಗುದಲ್ವಾ?”

ಎರಡನೆಯವರು ನರ್ಸ್. ನೈಟ್ ಡ್ಯೂಟಿಯ ನಡುವೆ ಫೋನಿನಲ್ಲೇ ಇಡೀ ಪುಸ್ತಕ ಓದಿದವರು. ಅವರ ಉತ್ತರ: “ಬಸ್ ಸ್ಟೇಟ್ ಬ್ಯಾಂಕಿಗೇ ಹೋಗ್ತದೆ. ಆದ್ರೆ ದಾರಿಯಲ್ಲಿ ಯಾರು ಹತ್ತಿದ್ರು, ಯಾರನ್ನು ಬಿಟ್ಟು ಹೋದ್ರು ಅಂತ ಬೋರ್ಡಲ್ಲಿ ಬರೆದಿರುದಿಲ್ಲ.” ಅವರಿಗೆ ಇಷ್ಟವಾದದ್ದು ರೈಸ್ಟ್ಲಿನ್ ಅಲ್ಲ, ಕ್ಯಾರಮನ್. “ಕಾಯಿಲೆಯವರ ಪಕ್ಕ ಕೂತವರನ್ನು ನೀನು ಊಟ ಮಾಡಿದ್ಯಾ ಅಂತ ಯಾರೂ ಕೇಳುದಿಲ್ಲ. ಇಡೀ ಪುಸ್ತಕದಲ್ಲಿ ಕ್ಯಾರಮನ್ ಅಂಥವ.” ಗುಂಪು ಸ್ವಲ್ಪ ಹೊತ್ತು ಸುಮ್ಮನಾಯಿತು.

ಮೂರನೆಯ ತಕರಾರು ನನ್ನ ಆಫೀಸಿನ ಟೆಸ್ಟಿಂಗ್ ಟೀಮಿನವನದ್ದು. ಅವನಿಗೆ ಬಗ್ ಹುಡುಕುವುದೇ ಕೆಲಸ, ಪುಸ್ತಕದಲ್ಲೂ ಬಿಡುವುದಿಲ್ಲ. ರೈಸ್ಟ್ಲಿನ್‌ನ ಪರೀಕ್ಷೆಯ ಕತೆಯನ್ನು ವೈಸ್ 1984ರಲ್ಲೇ ಒಂದು ಸಣ್ಣಕತೆಯಾಗಿ ಬರೆದಿದ್ದರು. ಕಾದಂಬರಿಯಲ್ಲಿ ಕೆಲವು ವಿವರ ಬೇರೆ ಆಗಿವೆ. “ಒಬ್ಬರೇ ಲೇಖಕಿ ಎರಡು ಕತೆ ಹೇಳಿದ್ರೆ ಯಾವುದನ್ನು ನಂಬುದು?” ಅಂತ ಅವನ ವಾದ.

ನಾಲ್ಕನೆಯದು ನನ್ನದು. ನನಗೆ ಪುಸ್ತಕ ಇಷ್ಟವಾಯಿತು, ಆದರೆ ಒಂದು ಕಡೆ ಕಿರಿಕಿರಿ ಆಯಿತು: ಅವರ ಅಮ್ಮ ರೋಸಮನ್. ಅವಳಿಗೆ ಏನೇನೋ ದೃಶ್ಯ ಕಾಣುತ್ತದೆ, ಮೈಮರೆತು ಮಲಗಿಬಿಡುತ್ತಾಳೆ. ರೈಸ್ಟ್ಲಿನ್‌ನ ಮಂತ್ರಶಕ್ತಿ ಬಂದದ್ದೇ ಅವಳಿಂದ. ಮಕ್ಕಳನ್ನು ನೋಡಿಕೊಳ್ಳುವವಳು ಮಲಅಕ್ಕ ಕಿಟಿಯಾರಾ. ಸೌದೆ ಕಡಿಯುವ ಅಪ್ಪ ಅಪಘಾತದಲ್ಲಿ ಸಾಯುತ್ತಾನೆ, ಅವನ ಹಿಂದೆಯೇ ಅಮ್ಮನೂ. ಅವಳೊಳಗೆ ಏನು ನಡೆಯುತ್ತಿತ್ತು ಅನ್ನುವುದಕ್ಕೆ ಪುಸ್ತಕದಲ್ಲಿ ಹೆಚ್ಚು ಜಾಗವೇ ಇಲ್ಲ. ಹಿಂದಿನ ಕತೆ ಹೇಳಲಿಕ್ಕೆ ಹೊರಟವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬಹುದಿತ್ತು ಅಂತ ನನಗನಿಸಿತು.

ಆಗ ಪುತ್ತೂರಿನವಳು, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿಬಿಟ್ಟಳು. “ಇದು ನಮ್ಮ ಕೋಟಿ–ಚೆನ್ನಯರ ಕತೆಯ ಹಾಗೆ ಉಂಟು. ಆದ್ರೆ ದೇಯಿ ಇಲ್ಲ.”

ದೇಯಿಯಿಂದ ಶುರುವಾಗುವ ಕತೆ

ತುಳುನಾಡಿನವರಿಗೆ ಕೋಟಿ–ಚೆನ್ನಯರು ಯಾರು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಓದುತ್ತಿರುವ ಬೇರೆ ಊರಿನವರಿಗಾಗಿ ಎರಡು ಮಾತು. ಇವರು ಬಿಲ್ಲವ ಕುಲದ ಅವಳಿ ವೀರರು. ಬೈದೆರ್ಲು ಎಂಬ ಹೆಸರಿನಲ್ಲಿ ಗರಡಿಗಳಲ್ಲಿ ಆರಾಧನೆ ಪಡೆಯುವ ದೈವಗಳು. ನಮ್ಮ ನಗರದ ಒಳಗೇ ಕಂಕನಾಡಿಯ ಗರಡಿ ಇದೆ. ಇವರ ಕತೆ ಇರುವುದು ಪಾಡ್ದನದಲ್ಲಿ, ಅಂದರೆ ನೇಜಿ ನೆಡುವಾಗ ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದ, ನೇಮದ ಹೊತ್ತಿನಲ್ಲಿ ದೈವ ಕಟ್ಟುವವರು ಹೇಳುವ ಉದ್ದನೆಯ ತುಳು ಹಾಡುಗತೆಯಲ್ಲಿ.

ಮಕ್ಕಳ ಪುಸ್ತಕದಲ್ಲಿ, ಶಾಲೆಯ ನಾಟಕದಲ್ಲಿ ಈ ಕತೆ ಸಾಮಾನ್ಯವಾಗಿ ಅವಳಿಗಳಿಂದಲೇ ಶುರುವಾಗುತ್ತದೆ. ಇಬ್ಬರು ಹುಡುಗರು, ಗದ್ದೆಯ ವಿಷಯದಲ್ಲಿ ಮಲ್ಲಯ ಬುದ್ಯಂತನ ಜೊತೆ ಜಗಳ, ಬುದ್ಯಂತನ ಕೊಲೆ, ಪಡುಮಲೆ ಬಿಟ್ಟು ಹೊರಡುವುದು, ಪಂಜ, ಎಣ್ಮೂರು, ಯುದ್ಧ, ಸಾವು. ಪಾಡ್ದನದ ಹೆಚ್ಚಿನ ಪಾಠಗಳು ಇವರ ಅಮ್ಮನಿಂದ ಶುರುವಾಗುತ್ತವೆ.

ಹುಡುಗಿಯೊಬ್ಬಳು ಮದುವೆಗೆ ಮೊದಲೇ ಮೈನೆರೆಯುತ್ತಾಳೆ. ಆ ಒಂದೇ ಕಾರಣಕ್ಕೆ ಹೆತ್ತ ಬ್ರಾಹ್ಮಣ ಮನೆಯವರು ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಡುತ್ತಾರೆ. ಮೂರ್ತೆ ಕೆಲಸಕ್ಕೆ ಹೋದ ಸಾಯನ ಬೈದ್ಯ ಅವಳನ್ನು ಕಂಡು ಮನೆಗೆ ಕರೆದುಕೊಂಡು ಬರುತ್ತಾನೆ. ಅವಳು ದೇಯಿ ಆಗುತ್ತಾಳೆ, ಕಾಂತಣ್ಣ ಬೈದ್ಯನ ಹೆಂಡತಿಯಾಗುತ್ತಾಳೆ, ಮದ್ದು ಬಲ್ಲ ದೇಯಿ ಬೈದೆತಿ ಅಂತ ಹೆಸರಾಗುತ್ತಾಳೆ. ಅತ್ತ ಪಡುಮಲೆಯ ಪೆರುಮಾಳು ಬಲ್ಲಾಳ ಬೇಟೆಗೆ ಹೋದಲ್ಲಿ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬರುತ್ತಾನೆ. ಗಾಯ ಮಾಗುವುದಿಲ್ಲ, ಜೀವಕ್ಕೇ ಕುತ್ತು ಬರುತ್ತದೆ. ಯಾರ ಮದ್ದೂ ನಾಟುವುದಿಲ್ಲ. ದೇಯಿಗೆ ಹೇಳಿಕಳಿಸುತ್ತಾರೆ. ಅವಳು ತುಂಬು ಗರ್ಭಿಣಿ. ಆದರೂ ಬೀಡಿಗೆ ಬಂದು ಮದ್ದು ಮಾಡುತ್ತಾಳೆ. ಬಲ್ಲಾಳ ಬದುಕುತ್ತಾನೆ. ಅವಳಿಗೆ ಮಾತು ಕೊಡುತ್ತಾನೆ. ಪಡುಮಲೆಯಲ್ಲೇ ಅವಳಿಗಳನ್ನು ಹೆರುವ ದೇಯಿ ಆಮೇಲೆ ಹೆಚ್ಚು ದಿನ ಬದುಕುವುದಿಲ್ಲ.

ಕೊಟ್ಟ ಮಾತು ಏನು, ಮಕ್ಕಳಿಗೆ ಸಂದದ್ದೆಷ್ಟು ಅನ್ನುವುದು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ. ಆದರೆ ಮುಂದೆ ಮಕ್ಕಳು ದೊಡ್ಡವರಾಗಿ ಬಲ್ಲಾಳನ ಎದುರು ನಿಂತು ತಮ್ಮದನ್ನು ಕೇಳುವಾಗ ಅವನು ಕೊಡುವುದಿಲ್ಲ.

ಈಗ ಇಡೀ ಕತೆಯನ್ನು ಇನ್ನೊಮ್ಮೆ ನೋಡಿ. ಅವಳಿಗಳಿಂದ ಶುರು ಮಾಡಿದರೆ ಇದು ಬಿಸಿರಕ್ತದ ಇಬ್ಬರು ಹುಡುಗರ ಜಗಳ. ದೇಯಿಯಿಂದ ಶುರು ಮಾಡಿದರೆ ಇದು ತೀರದ ಒಂದು ಸಾಲದ ಕತೆ. ಅದೇ ಗದ್ದೆ, ಅದೇ ಬುದ್ಯಂತ, ಅದೇ ಸಿಟ್ಟು. ಆದರೆ ನಾವು ಬೊಟ್ಟು ಮಾಡುವ ದಿಕ್ಕು ಬದಲಾಗುತ್ತದೆ. ಒಳ್ಳೆಯ ಪ್ರೀಕ್ವೆಲ್ ಮಾಡುವ ಕೆಲಸ ಇದು ಅಂತ ನಾನು ನಂಬುತ್ತೇನೆ. ಬಿಟ್ಟ ಸ್ಥಳ ತುಂಬುವುದು ಸುಲಭ. ನಾವು ಆಗಲೇ ಕೊಟ್ಟು ಮುಗಿಸಿದ ತೀರ್ಪನ್ನು ಮತ್ತೆ ತೆರೆಯುವುದು ಕಷ್ಟ.

“ಹಾಗಾದ್ರೆ ಕೊಲೆ ಸರಿಯಾ?”

ಇದನ್ನು ಹೇಳಿದ ಕೂಡಲೇ ಬ್ಯಾಂಕ್ ಗೆಳೆಯ ಎದ್ದು ಕೂತ. “ಅಮ್ಮನ ಕತೆ ಹೇಳಿದ್ರೆ ಮಕ್ಕಳು ಮಾಡಿದ ಕೊಲೆ ಮಾಯ ಆಗ್ತದಾ? ಚಿಕ್ಕಂದಿನಲ್ಲಿ ಎಲ್ರೂ ನಗಾಡಿದ್ರು ಅಂತ ರೈಸ್ಟ್ಲಿನ್ ಏನು ಮಾಡಿದ್ರೂ ನಡೀತದಾ? ಇದು ಈಗಿನ ಫ್ಯಾಷನ್. ವಿಲನ್‌ಗೊಂದು ಕಷ್ಟದ ಬಾಲ್ಯ ಕೊಟ್ರೆ ಮುಗೀತು.”

ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನರ್ಸ್ ಹೇಳಿದ ಮಾತು ನನಗೆ ಹಿಡಿಸಿತು. “ಪೇಷಂಟಿನ ಹಿಸ್ಟರಿ ಬರೆದುಕೊಳ್ಳುದು ಅವರದ್ದು ತಪ್ಪಿಲ್ಲ ಅಂತ ಹೇಳ್ಲಿಕ್ಕಲ್ಲ. ಎಲ್ಲಿ ನೋವುಂಟು ಅಂತ ಗೊತ್ತಾಗ್ಲಿಕ್ಕೆ.”

ಪಾಡ್ದನವೂ ಮಕ್ಕಳನ್ನು ಬಿಟ್ಟುಕೊಡುವುದಿಲ್ಲ, ಹಾಗಂತ ತಪ್ಪಿಗೆ ಬೆಲೆ ಇಲ್ಲ ಅಂತಲೂ ಹೇಳುವುದಿಲ್ಲ. ಅವರು ಹುಟ್ಟಿದ ಊರು ಬಿಡಬೇಕಾಗುತ್ತದೆ. ಪಂಜದಲ್ಲಿ ಅಕ್ಕ ಕಿನ್ನಿದಾರು ಸಿಗುತ್ತಾಳೆ, ಆದರೆ ಅಲ್ಲೂ ನೆಮ್ಮದಿ ಸಿಗುವುದಿಲ್ಲ, ಸೆರೆ ಸೇರಬೇಕಾಗುತ್ತದೆ. ಕೊನೆಗೆ ಎಣ್ಮೂರಿನ ಪರವಾಗಿ ಹೋರಾಡುವಾಗ ಕೋಟಿ ಬಾಣಕ್ಕೆ ಬಲಿಯಾಗುತ್ತಾನೆ. ಚೆನ್ನಯ ಕಲ್ಲಿಗೆ ತಲೆ ಬಡಿದುಕೊಂಡು ಅಣ್ಣನ ಹಿಂದೆ ಹೋಗುತ್ತಾನೆ. ಇಬ್ಬರಿಗೂ ಸಾಯುವ ವಯಸ್ಸಲ್ಲ.

ಇಲ್ಲಿ ನಮ್ಮ ಟೆಸ್ಟಿಂಗ್ ಹುಡುಗ ಒಂದು ಒಳ್ಳೆಯ ವ್ಯತ್ಯಾಸ ಹಿಡಿದ. ಗೋಪುರದ ಪರೀಕ್ಷೆಯಲ್ಲಿ ರೈಸ್ಟ್ಲಿನ್ ತನ್ನ ಅವಳಿಯ ಮಾಯಾರೂಪವನ್ನು ಕೊಂದುಬಿಡುತ್ತಾನೆ, ಅದನ್ನು ನಿಜವಾದ ಕ್ಯಾರಮನ್ ಕಣ್ಣಾರೆ ನೋಡುತ್ತಾನೆ. ಅಲ್ಲಿಂದ ಮುಂದೆ ಅವರು ಒಟ್ಟಿಗೇ ನಡೆದರೂ ಒಳಗೆ ಬಿರುಕು ಬಿದ್ದಾಗಿದೆ. ನಮ್ಮಲ್ಲಿ ಕೋಟಿ ತಾಳ್ಮೆಯವನು, ಚೆನ್ನಯ ಸಿಡುಕ ಅಂತ ಹೇಳುತ್ತಾರೆ, ಸ್ವಭಾವದಲ್ಲಿ ಅವರೂ ಉತ್ತರ ದಕ್ಷಿಣ. ಆದರೂ ಒಬ್ಬ ಹೋದ ಮೇಲೆ ಇನ್ನೊಬ್ಬ ಉಳಿಯಲಿಲ್ಲ. ಒಂದು ಅವಳಿ ಕತೆ ಒಡೆಯುವುದರ ಬಗ್ಗೆ, ಇನ್ನೊಂದು ಒಡೆಯಲಾಗದ್ದರ ಬಗ್ಗೆ.

ಯಾವ ಪಾಠ ಸರಿ?

ಎರಡು ಕತೆ ಇದ್ದರೆ ಯಾವುದನ್ನು ನಂಬುವುದು ಎಂಬ ಅವನ ಮೊದಲಿನ ಪ್ರಶ್ನೆಗೂ ಪಾಡ್ದನದಲ್ಲಿ ಉತ್ತರ ಇದೆ. ಬಾಯಿಂದ ಬಾಯಿಗೆ ಬಂದ ಕತೆಗೆ ಒಂದೇ ಅಧಿಕೃತ ಪ್ರತಿ ಎಂಬುದು ಇಲ್ಲ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಎ. ಮ್ಯಾನರ್ ಪಾಡ್ದನಗಳ ಸಂಗ್ರಹ ಅಚ್ಚು ಹಾಕಿಸಿದರು. ಇಲ್ಲಿ ಜಡ್ಜ್ ಆಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು ಅವರು ತೀರಿಹೋದ ಮೇಲೆ, 1890ರ ದಶಕದಲ್ಲಿ, ಇಂಗ್ಲಿಷ್ ಅನುವಾದದೊಂದಿಗೆ ಬೆಳಕಿಗೆ ಬಂದವು. ಕನ್ನಡದ ಓದುಗರಿಗೆ ಈ ಕತೆಯನ್ನು ಗದ್ಯದಲ್ಲಿ ತಲುಪಿಸಿದವರು ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937). ಅವಳಿಗಳು ಅಲೆದ ಪಂಜ ಅವರ ಹೆಸರಿನಲ್ಲೇ ಇದೆ ನೋಡಿ. ಮಕ್ಕಳಿಗೆ ಹಾಡು ಬರೆದವರು ಅಂತ ನಾವು ನೆನಪಿಟ್ಟುಕೊಂಡಿರುವ ಪಂಜೆಯವರು ಈ ಕತೆಯನ್ನೂ ಕೊಟ್ಟುಹೋದರು.

ಒಂದು ಪಾಠದಲ್ಲಿರುವುದು ಇನ್ನೊಂದರಲ್ಲಿ ಇಲ್ಲ. ಊರಿನ ಹೆಸರು, ಸಂಬಂಧ, ಘಟನೆಯ ಕ್ರಮ ಬೇರೆ ಬೇರೆ. ಗದ್ದೆಯಲ್ಲಿ ಹಾಡುತ್ತಿದ್ದ ಅಜ್ಜಿಯಂದಿರು ಇದನ್ನು ತಪ್ಪು ಅಂದುಕೊಂಡದ್ದಿಲ್ಲ. ನಮ್ಮಲ್ಲಿ ಹೀಗೆ ಹೇಳ್ತಾರೆ, ಆಚೆ ಊರಲ್ಲಿ ಹಾಗೆ, ಅಷ್ಟೇ. ಪುಸ್ತಕದ ಅಭಿಮಾನಿಗಳು ವಾರಗಟ್ಟಲೆ ಜಗಳವಾಡುವ ಸಂಗತಿಯನ್ನು ಇವರು ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ಮುಗಿಸುತ್ತಿದ್ದರು.

ಸಿನಿಮಾದಲ್ಲಿ ಮಾತ್ರ ಕ್ರಮ ಉಲ್ಟಾ ಆಯಿತು. ತುಳು ಚಿತ್ರರಂಗ ಇನ್ನೂ ಅಂಬೆಗಾಲಿಡುತ್ತಿದ್ದ 1973ರಲ್ಲೇ ‘ಕೋಟಿ ಚೆನ್ನಯ’ ಬಂತು. ಅದೇ ಅವಳಿಗಳ ಮೇಲೆ ಆನಂದ್ ಪಿ. ರಾಜು ಮಾಡಿದ ಸಿನಿಮಾಕ್ಕೆ 2006ನೇ ಸಾಲಿನ ಅತ್ಯುತ್ತಮ ತುಳು ಚಿತ್ರ ರಾಷ್ಟ್ರ ಪ್ರಶಸ್ತಿ ಬಂತು. ಅಮ್ಮನ ಹೆಸರಿನ ‘ದೇಯಿ ಬೈದೆತಿ’ ತೆರೆಗೆ ಬಂದದ್ದು 2019ರಲ್ಲಿ. ಮೊದಲ ಸಿನಿಮಾದಿಂದ ಲೆಕ್ಕ ಹಾಕಿದರೆ 46 ವರ್ಷ. ಮರುವರ್ಷ, 2020ರಲ್ಲಿ, ಪಡುಮಲೆ ಬಳಿಯ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ಬ್ರಹ್ಮಕಲಶೋತ್ಸವ ನಡೆದು, ಅಲ್ಲಿ ದೇಯಿಗೆ ಕೈಮುಗಿಯಲು ಜನ ಹೋಗುತ್ತಿದ್ದಾರೆ. ಹಾಡಿನಲ್ಲಿ ಮೊದಲು ಬಂದವಳು ನಮ್ಮ ಕಾಲದ ಪರದೆಗೆ ಕೊನೆಗೆ ಬಂದಳು.

ದೈವಕ್ಕೆ ಸ್ಟಾರ್ ಕೊಡಲಿಕ್ಕೆ ಆಗುತ್ತದಾ?

ಮಾತು ಇಲ್ಲಿಗೆ ಬರುವ ಹೊತ್ತಿಗೆ ಪುತ್ತೂರಿನವಳು ತನ್ನ ಗುಟ್ಟು ಹೇಳಿದಳು. ಅವಳು ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದಾಳೆ, ದೇಯಿಯ ಮೇಲೆ. ಫ್ಯಾಂಟಸಿ ಅಂತಲೇ ಅಂದುಕೊಂಡು ಶುರು ಮಾಡಿದ್ದು. ಕಾಡು ಮಾತಾಡುತ್ತದೆ, ಬೇರು ನಾರುಗಳಿಗೆ ಹೆಸರಿದೆ. ಅರ್ಧ ಆಗಿದೆ. ಆದರೆ ಮನೆಯಲ್ಲಿ ಅಮ್ಮನಿಗೆ ಗೊತ್ತಾಗಿ ಒಂದೇ ಮಾತು: “ದೈವದ ಕತೆಗೆ ಕೈ ಹಾಕ್ಬೇಡ ಮಗಾ.” ಅವಳಿಗೆ ಆವತ್ತಿನಿಂದ ಒಂದು ಸಾಲೂ ಮುಂದೆ ಹೋಗಿಲ್ಲ.

ಗುಂಪಿನಲ್ಲಿ ಯಾರೂ ನಗಲಿಲ್ಲ. ರೈಸ್ಟ್ಲಿನ್‌ಗೆ ಮೂರು ಸ್ಟಾರ್ ಕೊಟ್ಟು ಮನೆಗೆ ಹೋಗಿ ನಿದ್ದೆ ಮಾಡಬಹುದು. ಯಾವ ಗರಡಿಯ ಗಂಧಪ್ರಸಾದ ಹಣೆಗೆ ಹಚ್ಚಿಕೊಂಡು ಬೆಳೆದೆವೋ ಆ ಗರಡಿಯ ಅಪ್ಪೆಯನ್ನು ಪಾತ್ರ ಅಂತ ಕರೆಯುವುದು ಬೇರೆ ವಿಷಯ. ‘ಕಾಂತಾರ’ ಬಂದಾಗಲೂ ದೈವವನ್ನು ಪರದೆಯ ಮೇಲೆ ತೋರಿಸಬೇಕಾ, ಸಿನಿಮಾ ನೋಡಿ ಬಂದು ದೈವದ ವೇಷ ಹಾಕಿ ಕುಣಿಯುವುದು ಸರಿಯಾ ಅಂತ ನಮ್ಮ ಊರಿನಲ್ಲಿ ಎಷ್ಟೆಲ್ಲ ಚರ್ಚೆ ಆಯಿತು ಅಂತ ನಿಮಗೆ ನೆನಪಿರಬಹುದು.

ಬ್ಯಾಂಕ್ ಗೆಳೆಯ ಈ ಸಲ ಮೆಲ್ಲಗೆ ಹೇಳಿದ, “ಅಮ್ಮ ಹೇಳುದು ಕೇಳು. ಬೇರೆ ಹೆಸರಿಟ್ಟು ಬರೆ.” ಟೆಸ್ಟಿಂಗ್ ಹುಡುಗ ಒಪ್ಪಲಿಲ್ಲ: “ಹೆಸರು ಬದಲಿಸಿದ್ರೆ ಆಕೆಯನ್ನು ಇನ್ನೊಂದು ಸಲ ಕಾಡಿಗೆ ಬಿಟ್ಟ ಹಾಗೆ.” ನರ್ಸ್ ಕೇಳಿದ್ದು ಒಂದೇ. “ಅಮ್ಮನಿಗೆ ಓದಿ ಹೇಳಿದ್ಯಾ?” ಇಲ್ಲ, ಅವಳು ಹೇಳಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಗೆರೆ ಎಳೆದುಕೊಳ್ಳಬೇಕು. ನೇಮದ ಕಟ್ಟುಕಟ್ಟಳೆ, ಗರಡಿಯ ಒಳಗಿನ ನಡವಳಿಕೆ ಅವರವರಿಗೆ ಸೇರಿದ್ದು, ಅದನ್ನು ಕತೆಯ ರುಚಿಗೆ ಮಸಾಲೆ ಮಾಡಬಾರದು. ಆದರೆ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹುಡುಗಿಯ ಭಯ, ಹೊಟ್ಟೆಯಲ್ಲಿ ಅವಳಿ ಹೊತ್ತುಕೊಂಡು ಬೇರೆಯವರ ಜೀವ ಉಳಿಸಲು ಹೊರಟ ಹೆಂಗಸಿನ ದಣಿವು, ಇವನ್ನು ಪಾಡ್ದನ ಯಾರಿಂದಲೂ ಮುಚ್ಚಿಟ್ಟಿಲ್ಲ. ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರು ತಲೆಮಾರುಗಳ ಕಾಲ ಗಟ್ಟಿ ದನಿಯಲ್ಲಿ ಹೇಳಿದ್ದನ್ನು ಅವರ ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ಹೇಳಬಾರದು ಅನ್ನಲು ನನಗೆ ಕಾರಣ ಸಿಗುವುದಿಲ್ಲ.

ಮುಂದಿನ ತಿಂಗಳು ಅವಳು ಬಂದಾಗ ಮುಖ ಹಗುರಾಗಿತ್ತು. ಅಮ್ಮನಿಗೆ ಮೊದಲ ಎರಡು ಅಧ್ಯಾಯ ಓದಿ ಹೇಳಿದಳಂತೆ. ಅಮ್ಮ ಒಳ್ಳೆಯದಾಯ್ತು ಅಂತಲೂ ಹೇಳಲಿಲ್ಲ, ನಿಲ್ಲಿಸು ಅಂತಲೂ ಹೇಳಲಿಲ್ಲ. “ನನ್ನ ಅಜ್ಜಿ ಹೇಳುವಾಗ ಇದು ಹೀಗಿರ್ಲಿಲ್ಲ” ಅಂತ ಶುರು ಮಾಡಿ, ಮಗಳು ಎಲ್ಲೂ ಓದದ ಒಂದು ಪಾಠವನ್ನು ರಾತ್ರಿ ಹನ್ನೊಂದರವರೆಗೆ ಹೇಳಿದರಂತೆ.

ಕಾದಂಬರಿ ಎಲ್ಲಿ ನಿಲ್ಲಬೇಕು ಅಂತ ಅವಳಿಗೆ ಈಗ ಗೊತ್ತು. ಯುದ್ಧದಲ್ಲಿ ಅಲ್ಲ, ಅವಳಿಗಳು ಹುಟ್ಟುವಲ್ಲೂ ಅಲ್ಲ. ಬಲ್ಲಾಳ ಎದ್ದು ಕೂತು ದೇಯಿಗೆ ಮಾತು ಕೊಡುವಲ್ಲಿ. ದೇಯಿ ಅದನ್ನು ನಂಬುತ್ತಾಳೆ. ಪುಸ್ತಕ ಮುಗಿಯುತ್ತದೆ.

“ಆಮೇಲಿನದು?” ಅಂತ ಬ್ಯಾಂಕ್ ಗೆಳೆಯ ಕೇಳಿದ.

“ಆಮೇಲಿನದು ಓದುವವರಿಗೆ ಗೊತ್ತುಂಟಲ್ಲ” ಅಂದಳು.

ಕೊನೆ ಗೊತ್ತಿರುವ ಕತೆಯನ್ನು ಯಾಕೆ ಓದಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇದು. ಕೊನೆ ಗೊತ್ತಿರುವುದರಿಂದಲೇ ಆ ಮಾತು ಚುಚ್ಚುತ್ತದೆ. ಗೊತ್ತಿಲ್ಲದವನಿಗೆ ಅದು ಸುಖಾಂತ್ಯ. ಗೊತ್ತಿರುವ ನಮಗೆ ಅದು ಮುಂದೆ ಮುರಿಯಲಿರುವ ಮಾತು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ವಾರ ಒಂದು ಫೋನ್ ಮಾಡಿ. ಕೋಟಿ–ಚೆನ್ನಯರ ಕತೆ ಹೇಳಿ ಅನ್ನಬೇಡಿ, ಅದು ಎಲ್ಲರಿಗೂ ಗೊತ್ತು. ದೇಯಿಯಿಂದ ಶುರು ಮಾಡಿ ಅಂತ ಕೇಳಿ. ಅವರು ಹೇಳಿದ ಪಾಠ ನಾನು ಇಲ್ಲಿ ಬರೆದದ್ದಕ್ಕಿಂತ ಬೇರೆ ಇದ್ದರೆ ನಮಗೂ ಬರೆದು ಕಳಿಸಿ.